ಉತ್ತರ ಬರೆದ ಮಗುವಿಗೆ ಪಾಠ ಅರ್ಥವಾಗಿದೆಯೇ?

ಮೊದಲು ಎರಡು ವಾಕ್ಯಗಳನ್ನು ಓದುತ್ತೇನೆ, ಗಮನವಿಟ್ಟು ಕೇಳಿ. "ಟಿಂಬನು ಮುಂಜಾನೆ ಎದ್ದು ಗೊರ್ಪಲನ್ನು ಲಿಮ್ಮಿಸಿದನು. ಅದನ್ನು ಕಂಡ ಝುಪ್ಪಿಗೆ ಬಹಳ ಮೊರ್ಟು ಬಂದಿತು." ಈಗ ಪ್ರಶ್ನೆಗಳು. ಟಿಂಬನು ಏನನ್ನು ಲಿಮ್ಮಿಸಿದನು? ಗೊರ್ಪಲನ್ನು. ಯಾರಿಗೆ ಮೊರ್ಟು ಬಂದಿತು? ಝುಪ್ಪಿಗೆ. ಎರಡಕ್ಕೆ ಎರಡು ಅಂಕ! ಗೊರ್ಪಲೆಂದರೇನು, ಲಿಮ್ಮಿಸುವುದೆಂದರೇನು ಎಂಬುದು ನಿಮಗೂ ತಿಳಿಯದು, ನನಗೂ ತಿಳಿಯದು. ವಿಭಕ್ತಿ ಪ್ರತ್ಯಯಗಳೇ ಉತ್ತರವನ್ನು ನಮ್ಮ ಕೈಗಿಟ್ಟವು.

ನಕ್ಕು ಬಿಟ್ಟುಬಿಡಬಹುದಾದ ಈ ಆಟವನ್ನು ನಾನು ಗಂಭೀರವಾಗಿಯೇ ಮುಂದಿಡುತ್ತಿದ್ದೇನೆ, ಏಕೆಂದರೆ ಪ್ರಾಥಮಿಕ ತರಗತಿಗಳ ಗದ್ಯಭಾಗಗಳ ಕೆಳಗೆ ಕೊಡುವ ಪ್ರಶ್ನೆಗಳಲ್ಲಿ ಬಹಳಷ್ಟು ಇದೇ ಜಾತಿಗೆ ಸೇರಿದವು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಅದಿರುವ ವಾಕ್ಯವನ್ನು ಹಾಗೆಯೇ ಇಳಿಸಿಕೊಂಡರೆ ಸಾಕು, ಉತ್ತರ ಸಿದ್ಧ. ಮಕ್ಕಳು ಈ ದಾರಿಯನ್ನು ಬಹಳ ಬೇಗ ಕಂಡುಕೊಳ್ಳುತ್ತಾರೆ, ಮತ್ತು ಅದು ಅವರ ಜಾಣತನ. ಅಂತಹ ಉತ್ತರವನ್ನು ನೋಡಿ ಮಗುವಿಗೆ ಪಾಠ ಅರ್ಥವಾಗಿದೆಯೆಂದು ಟಿಕ್ ಹಾಕುವ ನಮ್ಮ ಅಭ್ಯಾಸದ ಬಗ್ಗೆಯೇ ನನ್ನ ತಕರಾರು.

ಅರ್ಥ ಮಾಡಿಕೊಳ್ಳುವುದನ್ನು ಕಲಿಸುವುದು ಬೇರೆ, ಅರ್ಥವಾಯಿತೇ ಎಂದು ಪರೀಕ್ಷಿಸುವುದು ಬೇರೆ. ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ ತರಗತಿಗಳನ್ನು ದೀರ್ಘಕಾಲ ವೀಕ್ಷಿಸಿದಾಗ, ನಾಲ್ಕನೆಯ ತರಗತಿಯ ಓದಿನ ಅವಧಿಗಳಲ್ಲಿ ಗ್ರಹಿಕೆಯನ್ನು ನಿಜವಾಗಿ ಕಲಿಸಲು ಬಳಕೆಯಾದ ಸಮಯ ಶೇಕಡಾ 1ಕ್ಕಿಂತ ಕಡಿಮೆ ಎಂಬುದು ಕಂಡುಬಂದಿತು. ಪ್ರಶ್ನೆ ಕೇಳುವುದು, ಅಭ್ಯಾಸದ ಹಾಳೆ ಕೊಡುವುದು, ಉತ್ತರ ತಿದ್ದುವುದು ಇವೆಲ್ಲ ಧಾರಾಳವಾಗಿ ನಡೆದಿದ್ದವು. ಆ ವರದಿ ಬಂದು ನಾಲ್ಕು ದಶಕಗಳು ಕಳೆದಿದ್ದರೂ, ಅದರಲ್ಲಿನ ತರಗತಿಯ ಚಿತ್ರ ಇಂದಿಗೂ ಅಪರಿಚಿತವೆನಿಸುವುದಿಲ್ಲ.

ಹಾಗಾದರೆ ಓದಿದ್ದು ಅರ್ಥವಾಗಲು ಏನೇನು ಬೇಕು? ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಇದಕ್ಕೆ ಸರಳವಾದ ಸೂತ್ರವೊಂದನ್ನು ಮುಂದಿಟ್ಟರು: ಬರಹವನ್ನು ಬಿಡಿಸಿ ಓದುವ ಸಾಮರ್ಥ್ಯ ಮತ್ತು ಭಾಷೆಯನ್ನು ಕೇಳಿ ಗ್ರಹಿಸುವ ಸಾಮರ್ಥ್ಯ, ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ. ಇಲ್ಲಿ ಕೂಡುವಿಕೆಯ ಬದಲು ಗುಣಾಕಾರವಿದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆಯೇ. ಆದ್ದರಿಂದ, ಅಕ್ಷರಗಳ ಮೇಲೆ ಇನ್ನೂ ತಡವರಿಸುತ್ತಿರುವ ಮಗುವಿಗೆ ಗ್ರಹಿಕೆಯ ಹಾಳೆಗಳನ್ನು ಹೆಚ್ಚು ಹೆಚ್ಚು ಕೊಡುವುದರಿಂದ ಪ್ರಯೋಜನವಿಲ್ಲ. ನಿರರ್ಗಳವಾಗಿ ಓದಿಯೂ ಏನೂ ಹೇಳಲಾಗದ ಮಗುವಿಗೆ ಮತ್ತೆ ಕಾಗುಣಿತ ತಿದ್ದಿಸುವುದರಿಂದಲೂ ಪ್ರಯೋಜನವಿಲ್ಲ.

ಈ ಎರಡನೆಯ ಸಾಮರ್ಥ್ಯದೊಳಗೆ ಪದಸಂಪತ್ತಿನ ಜೊತೆಗೆ ಲೋಕಜ್ಞಾನವೂ ಅಡಗಿದೆ, ಮತ್ತು ಶಾಲೆಗಳು ಅತಿ ಹೆಚ್ಚು ಕಡೆಗಣಿಸುವುದು ಇದನ್ನೇ ಎಂಬುದು ನನ್ನ ಅಭಿಪ್ರಾಯ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆಯನ್ನು ಓದಲು ಕೊಟ್ಟು, ಓದಿದ್ದನ್ನು ಮರದ ಬೊಂಬೆಗಳ ಮೂಲಕ ಮೈದಾನದ ಮಾದರಿಯೊಂದರ ಮೇಲೆ ನಡೆಸಿ ತೋರಿಸಲು ಹೇಳಿದರು. ಓದಿನ ಪರೀಕ್ಷೆಯಲ್ಲಿ ಹಿಂದುಳಿದಿದ್ದರೂ ಆ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದೂ ಆಟವನ್ನರಿಯದವರಿಗಿಂತ ಚೆನ್ನಾಗಿ ನಿರೂಪಿಸಿದರು. ಇವರು ಪ್ರಾಥಮಿಕ ಹಂತಕ್ಕಿಂತ ತುಸು ದೊಡ್ಡ ಮಕ್ಕಳು, ನಿಜ. ಆದರೆ ಲೋಕದ ಪರಿಚಯ ಇನ್ನೂ ಕಡಿಮೆಯಿರುವ ಎಳೆಯರ ವಿಷಯದಲ್ಲಿ ಈ ಮಾತು ದುರ್ಬಲವಾಗಲು ಕಾರಣವೇನೂ ಕಾಣದು. ಗ್ರಹಿಕೆ ಸುಧಾರಿಸಲೆಂದು ವಿಜ್ಞಾನ, ಸಮಾಜ ಪಾಠಗಳ ಅವಧಿಯನ್ನು ಕಡಿತಗೊಳಿಸಿ ಓದಿನ ಅಭ್ಯಾಸಕ್ಕೆ ಕೊಡುವವರು, ಗ್ರಹಿಕೆಯ ಬೇರನ್ನೇ ಕತ್ತರಿಸುತ್ತಿದ್ದಾರೆ.

ಕೆಳಗಿನ ತರಗತಿಗಳಲ್ಲಿ ಮಕ್ಕಳು ತಾವೇ ಓದಿ ಗ್ರಹಿಸುವುದಕ್ಕಿಂತ ಹೆಚ್ಚಿನದನ್ನು ಕೇಳಿ ಗ್ರಹಿಸಬಲ್ಲರು. ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವುದು ಈ ಕಾರಣಕ್ಕಾಗಿಯೇ ಬಹುಮುಖ್ಯ. ಓದುವಾಗ ನಡುವೆ ನಿಂತು, ತಮ್ಮ ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ಅವರು ಬಾಯಿಬಿಟ್ಟು ಹೇಳಬೇಕು. "ಅಣ್ಣ ತಂಗಿಯ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡ. ಅವಳು ಕುಂಟುತ್ತಾ ಹಿಂದೆ ಬಂದಳು" ಎಂಬ ಸಾಲುಗಳನ್ನು ತೆಗೆದುಕೊಳ್ಳಿ. ಅಣ್ಣ ಚೀಲ ಹೊತ್ತದ್ದೇಕೆ ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. "ಅವಳು ಎಂದರೆ ತಂಗಿಯೇ ಇರಬೇಕು. ಕುಂಟುತ್ತಿದ್ದಾಳೆಂದರೆ ಕಾಲಿಗೆ ಏನೋ ಆಗಿದೆ, ಭಾರ ಹೊರಲಾರಳು, ಅದಕ್ಕೇ ಅಣ್ಣ ಚೀಲ ತೆಗೆದುಕೊಂಡಿದ್ದಾನೆ" ಎಂದು ಶಿಕ್ಷಕರು ಬಿಡಿಸಿ ಹೇಳಿದಾಗ, ನುರಿತ ಓದುಗ ಕ್ಷಣಮಾತ್ರದಲ್ಲಿ ಮೌನವಾಗಿ ಮಾಡಿ ಮುಗಿಸುವ ಕೆಲಸ ಮಗುವಿನ ಕಿವಿಗೆ ಬೀಳುತ್ತದೆ. ಓದುವುದೆಂದರೆ ಹೀಗೆ ಸಾಲುಗಳನ್ನು ಹೆಣೆಯುತ್ತಾ ಹೋಗುವುದು ಎಂದು ಎಷ್ಟೋ ಮಕ್ಕಳಿಗೆ ಯಾರೂ ತೋರಿಸಿಕೊಟ್ಟಿರುವುದೇ ಇಲ್ಲ.

ಇನ್ನು ಓದಿನ ತಂತ್ರಗಳು. ಪಾಲಿನ್‌ಸಾರ್ ಮತ್ತು ಬ್ರೌನ್ 1984ರಲ್ಲಿ ವಿವರಿಸಿದ ಪರಸ್ಪರ ಬೋಧನೆಯಲ್ಲಿ ಸಾರಾಂಶ ಹೇಳುವುದು, ಪ್ರಶ್ನೆ ಹುಟ್ಟಿಸುವುದು, ತೊಡಕನ್ನು ಬಿಡಿಸಿಕೊಳ್ಳುವುದು, ಮುಂದಿನದನ್ನು ಊಹಿಸುವುದು ಎಂಬ ನಾಲ್ಕು ಕೆಲಸಗಳಿದ್ದವು. ಶಿಕ್ಷಕರು ಮೊದಲು ಮಾಡಿ ತೋರಿಸಿ, ಆಮೇಲೆ ಮಕ್ಕಳೇ ಸರದಿಯಂತೆ ಚರ್ಚೆಯನ್ನು ಮುನ್ನಡೆಸುತ್ತಿದ್ದರು. ಒಳ್ಳೆಯ ವಿಧಾನವೇ. ಆದರೆ ಈ ತಂತ್ರಗಳು ಕೆಲವು ವಾರಗಳಲ್ಲಿ ಕಲಿತು ಮುಂದೆ ಬಳಸುತ್ತಾ ಹೋಗಬೇಕಾದವು. ವರ್ಷಪೂರ್ತಿ "ಮುಖ್ಯ ವಿಚಾರವನ್ನು ಗುರುತಿಸಿ" ಎಂಬ ಒಂದೇ ಕಸರತ್ತನ್ನು ಮಾಡಿಸಿದರೆ ಮಗು ಓದಿನಿಂದಲೇ ಬೇಸತ್ತೀತು.

ತರಗತಿಯಲ್ಲಿ ಸಮಯವಿಲ್ಲ, ಪಠ್ಯ ಮುಗಿಸಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ನನ್ನ ಸಲಹೆ ಇಷ್ಟು: ಪಾಠದ ಕೊನೆಯಲ್ಲಿ ಹತ್ತು ಪ್ರಶ್ನೆಗಳಿದ್ದರೆ, ಸಾಲು ಇಳಿಸಿಕೊಂಡು ಉತ್ತರಿಸಬಹುದಾದ ಏಳನ್ನು ಕೈಬಿಡಿ. ಉಳಿದ ಮೂರನ್ನು ಬಾಯಿಮಾತಿನಲ್ಲಿ ಕೇಳಿ, ಪ್ರತಿ ಉತ್ತರದ ಬೆನ್ನಿಗೇ "ನಿನಗೆ ಇದು ಪಾಠದ ಯಾವ ಮಾತಿನಿಂದ ತಿಳಿಯಿತು?" ಎಂದು ಕೇಳಿ. ಉತ್ತರ ತಪ್ಪಾಗಿದ್ದರೂ ಈ ಪ್ರಶ್ನೆಯನ್ನು ಬಿಡಬೇಡಿ, ಏಕೆಂದರೆ ಮಗು ಎಡವಿದ್ದು ಪದದ ಅರ್ಥದಲ್ಲೋ, ಸರ್ವನಾಮದಲ್ಲೋ ಅಥವಾ ವಿಷಯದ ಪರಿಚಯವಿಲ್ಲದ್ದರಿಂದಲೋ ಎಂಬುದು ಅದು ಕೊಡುವ ಕಾರಣದಿಂದಲೇ ಗೊತ್ತಾಗುತ್ತದೆ, ಮರುದಿನ ಏನು ಕಲಿಸಬೇಕೆಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ.