ಆರನೇ ಸುರಂಗ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಅಂಗಳದಲ್ಲಿ ಒಂದು ಸಲ ಬೋರ್ ಕೊರೆಸಿದ್ದೆವು. ರಾತ್ರಿಯಿಡೀ ಲಾರಿಯ ಸದ್ದು. ಬೆಳಗಾಗುವಾಗ ತುಳಸಿ ಗಿಡದ ಮೇಲೆಲ್ಲ ಬೂದಿ ಬಣ್ಣದ ಪುಡಿ, ನೀರು ಮಾತ್ರ ಇಲ್ಲ. ಲಾರಿಯವರಿಗೆ ದುಡ್ಡು ಎಣಿಸಿ ಕೊಟ್ಟು ಒಳಗೆ ಹೋದ ಅಪ್ಪ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಇನ್ನೊಂದು ಬೋರ್‌ನ ಮಾತೆತ್ತಲು ಮನೆಯಲ್ಲಿ ನಾಲ್ಕು ವರ್ಷ ಬೇಕಾಯಿತು.

ಒಂದೇ ಸೋಲಿಗೆ ಹೀಗೆ. ಹಾಗಾಗಿ ಅಮೈ ಮಹಾಲಿಂಗ ನಾಯ್ಕರ ಕಥೆ ಕೇಳಿದಾಗ ನಾನು ಬೆರಳು ಮಡಚಿ ಲೆಕ್ಕ ಹಾಕಿದ್ದೆ.

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಕಡೆಯವರು ಅವರು. ತೆಂಗು, ಅಡಿಕೆ ಮರ ಹತ್ತುವ ಕೂಲಿ ಕೆಲಸ. 1970ರ ದಶಕದ ಕೊನೆಗೆ, ದುಡಿಯುತ್ತಿದ್ದ ತೋಟದ ಧಣಿಗಳಿಂದ ಸುಮಾರು ಎರಡು ಎಕರೆ ಸಿಕ್ಕಿತು. ಸಿಕ್ಕಿದ್ದು ಗುಡ್ಡದ ಜಾಗ, ಹನಿ ನೀರಿಲ್ಲ.

ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಇದಕ್ಕೊಂದು ಹಳೆಯ ಉಪಾಯ ಇದೆ, ಸುರಂಗ. ಬಾವಿ ಕೆಳಕ್ಕೆ ಇಳಿದರೆ ಸುರಂಗ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಹೋಗುತ್ತದೆ. ಒಬ್ಬ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಮುರಕಲ್ಲಿನ ಸಂದಿಯಿಂದ ಜಿನುಗಿ, ಪಂಪು ಕರೆಂಟು ಏನೂ ಇಲ್ಲದೆ ತಾನೇ ಹೊರಗೆ ಹರಿದು ಬರುತ್ತದೆ. ಆದರೆ ಒಳಗೆ ಹೋದಷ್ಟೂ ಗಾಳಿ ಕಡಿಮೆ. ದೀಪ ಮಂಕಾಯಿತು ಅಂದರೆ ಹೊರಗೆ ಬಂದುಬಿಡಬೇಕು. ಸಾಮಾನ್ಯವಾಗಿ ಒಬ್ಬ ಅಗೆದರೆ ಇನ್ನೊಬ್ಬ ಮಣ್ಣು ಹೊರುತ್ತಾನೆ. ನಾಯ್ಕರು ಎರಡನ್ನೂ ಒಬ್ಬರೇ ಮಾಡಿದರು. ಹಗಲು ಕೂಲಿ, ಅದು ಮುಗಿಸಿ ಬಂದು ದೀಪದ ಬೆಳಕಲ್ಲಿ ಅಗೆತ.

ಮೊದಲ ಸುರಂಗದಲ್ಲಿ ನೀರಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರು, ನಾಲ್ಕು, ಐದು... ಇಲ್ಲ. ವರ್ಷಗಳೇ ಹೋದವು. ಇವರಿಗೇನು ಹುಚ್ಚಾ ಅಂದವರೂ ಇದ್ದರು. ಆರನೆಯದರಲ್ಲಿ ನೀರು ಬಂತು. ಆ ಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀಯೂ ಬಂತು.

ಎಂಥ ಛಲ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಮ್ಮಪ್ಪನಿಗೇನು ಛಲ ಕಡಿಮೆ ಇತ್ತಾ? ವ್ಯತ್ಯಾಸ ಬೇರೆ ಕಡೆ ಇದೆ ಅಂತ ನನ್ನ ಎಣಿಕೆ. ನಮ್ಮ ಬೋರ್ ಒಂದೇ ರಾತ್ರಿಯಲ್ಲಿ ಸಾಲ ತಂದಿಟ್ಟು ಹೋಯಿತು. ನಾಯ್ಕರ ಒಣ ಸುರಂಗಗಳು ಬೆವರು ತಿಂದವು, ವರ್ಷ ತಿಂದವು. ಆದರೆ ಆಳಿಗೆ ಕೂಲಿ ಕೊಡುವ ಪ್ರಶ್ನೆ ಇರಲಿಲ್ಲ, ತಮ್ಮ ಕೂಲಿಯನ್ನು ಅವರು ಬಿಟ್ಟಿರಲೂ ಇಲ್ಲ. ಮರುದಿನದ ಗಂಜಿಗೆ ತೊಂದರೆ ಇಲ್ಲ ಅಂದರೆ ಸೋತವನು ಇನ್ನೊಂದು ಕಡೆ ಗುದ್ದಲಿ ಹಾಕಬಹುದು. ಮೇಲಾಗಿ ಅದು ಸುರಂಗದ ನೀರನ್ನು ಜನ ಕಣ್ಣಾರೆ ಕಂಡಿರುವ ಸೀಮೆ. ಸುಮ್ನೆ ಕತ್ತಲೆಗೆ ಕಲ್ಲು ಹೊಡೆದದ್ದಲ್ಲ.

ಮೊನ್ನೆ ಅಣ್ಣನ ಮಗ ಬಂದಿದ್ದ. ಕೆ.ಎ.ಎಸ್. ಪ್ರಿಲಿಮ್ಸ್ ಎರಡು ಸಲ ಹೋಗಿದೆ. ಕೆಲಸ ಬಿಟ್ಟು ಓದಲಾ ಚಿಕ್ಕಪ್ಪ ಅಂದ. ಬಿಡಬೇಡ, ಬೆಳಿಗ್ಗೆ ಎದ್ದು ಎರಡು ಗಂಟೆ ಓದು ಅಂದೆ. ಅವನಿಗೆ ರುಚಿಸಲಿಲ್ಲ. ನಾಯ್ಕರ ಕಥೆ ಹೇಳಿದೆ. ಪೂರ್ತಿ ಕೇಳಿ, "ಆರನೆಯದರಲ್ಲೂ ನೀರು ಬರದೇ ಹೋಗಿದ್ದರೆ?" ಅಂದ.

ಒಳ್ಳೆಯ ಪ್ರಶ್ನೆ, ಅಲ್ವಾ? ಸ್ವಲ್ಪ ಹೊತ್ತು ನನಗೂ ಉತ್ತರ ಹೊಳೆಯಲಿಲ್ಲ.

"ಮರುದಿನ ಬೆಳಿಗ್ಗೆ ಅಡಿಕೆ ಮರ ಹತ್ತೋಕೆ ಹೋಗ್ತಿದ್ರು ಕಣೋ" ಅಂದೆ.

ನಮಸ್ಕಾರ.