ಸೊಪ್ಪಿಗೊಂದು ಸೂರು

ಅಧ್ಯಕ್ಷರೇ, ಈ ಮಳೆಯಲ್ಲೂ ಬಂದು ಕುಳಿತಿರುವ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪು ಉಣ್ಣುವ ದಿನ, ಕಳೆದಿದೆ. ಮದ್ದುಸೊಪ್ಪಿನ ಪಾಯಸ ಎಲ್ಲರ ಮನೆಯಲ್ಲೂ ಆಗಿರುತ್ತದೆ. ಮರುದಿನ ಮೂತ್ರಕ್ಕೆ ಬರುವ ಬಣ್ಣದ ವಿಷಯವನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಸ, ತೆರ್ಮೆ ತೊಪ್ಪು ಎಂಬ ಜರೀಗಿಡದ ಚಿಗುರು, ಕಣಿಲೆ ಎಂಬ ಎಳೆಬಿದಿರು ಬೇಯಿಸುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಹಸಿಯಾಗಿ ತಿನ್ನುವ ಸೊಪ್ಪು ಬೇಕೆಂದರೆ ಕೆಳಗಿನಿಂದ ಬರುವ ತರಕಾರಿ ಗಾಡಿಯ ದಾರಿ ಕಾಯುತ್ತೇವೆ. ಅದು ಏರು ಹತ್ತಿ ಮಡಿಕೇರಿ ಮುಟ್ಟುವಷ್ಟರಲ್ಲಿ ಲೆಟ್ಯೂಸ್ ಸೋತು ಮಲಗಿರುತ್ತದೆ.

ಇಲ್ಲಿ ಲೆಟ್ಯೂಸ್ ಬರುವುದಿಲ್ಲ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಸೆಖೆ ಹೆಚ್ಚಾದರೆ ಅದರ ಬೀಜ ಮೊಳೆಯುವುದಿಲ್ಲ, ಗಿಡ ಬೇಗ ಹೂದಂಟು ಎತ್ತುತ್ತದೆ, ಎಲೆ ಕಹಿಯಾಗುತ್ತದೆ. ಬಯಲುಸೀಮೆಯವರು ತಂಪಿಗಾಗಿ ನೆರಳುಬಲೆ ಕಟ್ಟಿ ಹೆಣಗುತ್ತಾರೆ. ನಮಗೆ ತಂಪು ಬಿಟ್ಟಿ. ಇಲ್ಲಿ ಸೊಪ್ಪನ್ನು ಕೊಲ್ಲುವುದು ಬಿಸಿಲಲ್ಲ, ಮಳೆ. ಹಾಗಾಗಿ ಮೇಲೊಂದು ಸೂರು ಬೇಕು.

ನಮ್ಮ ಪಕ್ಕದ ತೋಟದ ಅಜ್ಜಿ ಜೂನ್ ತಿಂಗಳಲ್ಲಿ, ಎಲ್ಲರೂ ಬೇಡವೆಂದರೂ, ಬಯಲಿನಲ್ಲೇ ಲೆಟ್ಯೂಸ್ ಬಿತ್ತಿದರು. ಅರ್ಧ ಬೀಜ ಚರಂಡಿ ಸೇರಿತು. ಉಳಿದದ್ದು ಮೊಳೆತದ್ದೇ ಬಸವನಹುಳುಗಳಿಗೆ ಔತಣ. ಅಜ್ಜಿ ಸುತ್ತಲೂ ಬೂದಿ ಎರಚಿದರು. ಒಣ ಬೂದಿಗೆ ಹುಳು ಹಿಂಜರಿಯುತ್ತದೆ, ನಿಜ. ಆದರೆ ಕೊಡಗಿನ ಜುಲೈಯಲ್ಲಿ ಒಣ ಬೂದಿ ಒಲೆಯೊಳಗೆ ಮಾತ್ರ ಸಿಗುತ್ತದೆ! ಕೊನೆಗೆ ಅವರು ಕಾಫಿ ನರ್ಸರಿಯಲ್ಲಿ ಮಿಕ್ಕಿದ್ದ ಚೀಲಗಳಿಗೆ ಮಣ್ಣು, ಹಳೆಯ ಸಗಣಿಗೊಬ್ಬರ, ಒಂದಿಷ್ಟು ಮರಳು ತುಂಬಿ, ಜಗಲಿಯ ಹಳೆಯ ಬೆಂಚಿನ ಮೇಲೆ ಸಾಲಾಗಿಟ್ಟರು. ರಾತ್ರಿ ಟಾರ್ಚ್ ಹಿಡಿದು ಹುಳು ಹೆಕ್ಕುವ ಕೆಲಸ ಮೊಮ್ಮಗನಿಗೆ. ಆಗಸ್ಟಿನಲ್ಲಿ ಅವರ ಮನೆಯ ಅಕ್ಕಿರೊಟ್ಟಿ, ಪಂದಿಕರಿಯ ಪಕ್ಕದಲ್ಲಿ ಹಸಿರು ಎಲೆ, ಈರುಳ್ಳಿ, ನಿಂಬೆರಸ. ಅಜ್ಜ ಮೊದಲ ದಿನ, "ನಾನೇನು ಹಸುವೇ?" ಎಂದರಂತೆ. ಎರಡನೆಯ ಸಲ ಬಡಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಸೂರೆಂದರೆ ಕತ್ತಲೆಕೋಣೆಯಲ್ಲ. ಮೋಡದ ದಿನಗಳಲ್ಲಿ ಬೆಳಕೇ ಕಡಿಮೆ. ಹೆಂಚಿನಡಿ ಒಳಗೆ ತಳ್ಳಿದರೆ ಗಿಡ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ. ಜಗಲಿಯ ಅಂಚು ಒಳ್ಳೆಯದು, ಪಾರದರ್ಶಕ ಶೀಟಾದರೆ ಇನ್ನೂ ಒಳ್ಳೆಯದು. ಬೀಜವನ್ನು ಆಳಕ್ಕೆ ಹೂಳಬೇಡಿ, ಲೆಟ್ಯೂಸ್ ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ ಬೆರಳಿನಿಂದ ಒತ್ತಿದರೆ ಸಾಕು. ಚೀಲದ ತಳದ ತೂತು ಕಟ್ಟಿಕೊಂಡಿದ್ದರೆ ಮಾತ್ರ ಸೂರಿದ್ದೂ ಬೇರು ಕೊಳೆಯುತ್ತದೆ. ಗಿಡ ಕೀಳದೆ ಹೊರಗಿನ ಎಲೆಗಳನ್ನಷ್ಟೇ ಮುರಿದುಕೊಳ್ಳಿ, ನಡುವಿನ ಸುಳಿ ಮತ್ತೆ ಕೊಡುತ್ತಲೇ ಇರುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೋಸಿನ ಬಳಗದ ಕೇಲ್ ಸೊಪ್ಪು ಗಟ್ಟಿಗಿತ್ತಿ, ಚಳಿಗೆ ಅಂಜುವುದಿಲ್ಲ, ಅಕ್ಟೋಬರಿನಲ್ಲಿ ಹಾಕಿ. ಸಾಸಿವೆ ಸೊಪ್ಪನ್ನು ಎಳೆಯದಾಗಿರುವಾಗಲೇ ಕೊಯ್ಯಿರಿ. ಒಂದೆಲಗ ತೋಡಿನ ಬದಿಯಲ್ಲೇ ಇದೆ, ಚೆನ್ನಾಗಿ ತೊಳೆಯಿರಿ. ಚಕ್ರಮುನಿಯನ್ನು ಮಾತ್ರ ಹಸಿ ರಸ ಮಾಡಿ ದಿನವೂ ಕುಡಿಯಬೇಡಿ. ತೈವಾನಿನಲ್ಲಿ 1990ರ ದಶಕದಲ್ಲಿ ಹಾಗೆ ಕುಡಿದವರ ಶ್ವಾಸಕೋಶ ಕೆಟ್ಟಿತ್ತು. ಮೆಣಸಿನ ಬಳ್ಳಿಗೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುವ ದಿನ ಚೀಲಗಳನ್ನು ಒಳಗಿಡಿ. ಬೀಜದ ಪೊಟ್ಟಣಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಮನೆಗೊಂದು, ದಯವಿಟ್ಟು.