ಅನುಮತಿ ಪಡೆದು ಅಗೆಯುವುದು, ಹುಲ್ಲು ಉಳಿಸಿ ಮುಚ್ಚುವುದು

ಪುಣೆಯ ಕನ್ನಡ ಕೇಳುಗರಿಗೆ ನಮಸ್ಕಾರ.

ನಮ್ಮ ಈ ಊರಿನಲ್ಲಿ ಮದುವೆ, ಮುಂಜಿ, ಆರತಕ್ಷತೆಗಳು ಬಹುಮಟ್ಟಿಗೆ ಮಂಗಲ ಕಾರ್ಯಾಲಯಗಳ ಹುಲ್ಲುಹಾಸಿನ ಮೇಲೆಯೇ ನಡೆಯುತ್ತವೆ. ಊಟ ಮುಗಿದು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಹೊತ್ತಿಗೆ ಯಾರದೋ ಕಿವಿಯೋಲೆ, ಯಾರದೋ ಮಂಗಳಸೂತ್ರದ ಒಂದು ವಾಟಿ, ಎಂದರೆ ಪುಟ್ಟ ಬಟ್ಟಲಿನಂತಹ ಪದಕ, ಬಿದ್ದುಹೋಗಿರುವುದು ಗಮನಕ್ಕೆ ಬರುತ್ತದೆ. ಆಗ ಮೆಟಲ್ ಡಿಟೆಕ್ಟರ್ ಇರುವವರನ್ನು ಹುಡುಕಿಕೊಂಡು ಜನ ಬರುತ್ತಾರೆ. ನೆಲದ ಒಡೆಯರು ಹುಡುಕುವುದಕ್ಕೆ ಒಪ್ಪಿದ ಮಾತ್ರಕ್ಕೆ ಹುಲ್ಲನ್ನು ಕೆಡಿಸುವುದಕ್ಕೂ ಒಪ್ಪಿದಂತಾಗುವುದಿಲ್ಲ. ಆದ್ದರಿಂದ ಅನುಮತಿ ಕೇಳುವುದು ಮತ್ತು ಅಗೆದ ಜಾಗವನ್ನು ಮೊದಲಿದ್ದಂತೆ ಮಾಡಿಕೊಡುವುದು ಬೇರೆ ಬೇರೆ ಕೆಲಸಗಳೆಂದು ನಾನು ಎಣಿಸುವುದಿಲ್ಲ. ಕೊಟ್ಟ ಮಾತಿನ ಮೊದಲರ್ಧ ಅದು, ಉಳಿದರ್ಧ ಇದು.

ಅನುಮತಿಯನ್ನು ಕಾವಲುಗಾರನ ಬಳಿ ಕೇಳಿದರೆ ಸಾಲದು. ಕಾರ್ಯಾಲಯವಾದರೆ ಮಾಲೀಕರನ್ನು, ಹೌಸಿಂಗ್ ಸೊಸೈಟಿಯಾದರೆ ಕಾರ್ಯದರ್ಶಿಯನ್ನು, ಸಾರ್ವಜನಿಕ ಉದ್ಯಾನವಾದರೆ ಮಹಾನಗರ ಪಾಲಿಕೆಯ ಉದ್ಯಾನ ವಿಭಾಗವನ್ನು ಕಾಣಬೇಕು. ಯಾವ ದಿನ, ಯಾವ ಭಾಗದಲ್ಲಿ, ಎಷ್ಟು ಆಳದವರೆಗೆ, ಏನನ್ನು ಹುಡುಕುತ್ತೇವೆ ಎಂಬುದನ್ನು ಒಂದು ಪುಟದ ಅರ್ಜಿಯಲ್ಲಿ, ಸಾಧ್ಯವಾದರೆ ಮರಾಠಿಯಲ್ಲೇ ಬರೆದು ಸಹಿ ಪಡೆಯುವುದು ಒಳ್ಳೆಯದು. ನೀರು ಚಿಮ್ಮಿಸುವ ಪೈಪು, ದೀಪದ ಕೇಬಲ್, ಅಡುಗೆ ಅನಿಲದ ಕೊಳವೆ ಎಲ್ಲೆಲ್ಲಿ ಹಾದಿವೆ ಎಂದು ಅದೇ ವೇಳೆ ಕೇಳಿಕೊಳ್ಳಿ. ಖಡ್ಕಿಯಲ್ಲಿ 1817ರಲ್ಲಿ ಪೇಶ್ವೆಗಳಿಗೂ ಇಂಗ್ಲಿಷರಿಗೂ ಕದನ ನಡೆಯಿತೆಂದು ಓದಿ, ಅಲ್ಲಿ ಸೀಸದ ಗುಂಡು ಹುಡುಕುವ ಆಸೆ ಕೆಲವರಿಗೆ ಹುಟ್ಟುತ್ತದೆ. ಆದರೆ ಅಲ್ಲಿನ ಸೇನೆಗೆ ಸೇರಿದ ನೆಲಕ್ಕೆ ಯಂತ್ರ ಹಿಡಿದು ಹೋಗಲೇಬಾರದು. ಶನಿವಾರವಾಡೆ, ಪಾತಾಳೇಶ್ವರದಂತಹ ಸಂರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರನ್ನು ಕಾಯ್ದೆಯೇ ನಿಷೇಧಿತ ಪ್ರದೇಶವೆಂದು ಗುರುತಿಸಿದೆ. ಆ ಕಡೆಯೂ ಬೇಡ.

ಓಲೆ ಹುಡುಕುವಾಗ ಹಳೆಯದೊಂದು ವಸ್ತು ಸಿಗುವುದೂ ಉಂಟು. ಮಣ್ಣಿನ ಹೆಂಟೆ ಒಡೆದಾಗ ಹಸಿರು ಕಿಲುಬು ಹಿಡಿದ ದಪ್ಪ ತಾಮ್ರದ ಬಿಲ್ಲೆಯೊಂದು ಕಂಡು, ಅದರ ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’ ಎಂಬ ನಾಗರಿ ಅಕ್ಷರಗಳು ಅರೆಬರೆಯಾಗಿ ಮೂಡಿದ್ದರೆ, ಅದು ಶಿವಾಜಿ ಮಹಾರಾಜರ ಹೆಸರಿನಲ್ಲಿ ಅಚ್ಚಾಗಿ, ಪೇಶ್ವೆಗಳ ಕಾಲದಲ್ಲೂ ಚಲಾವಣೆಯಲ್ಲಿದ್ದ ಶಿವರಾಯಿ ನಾಣ್ಯ. ಅದನ್ನು ಉಜ್ಜಿ ತೊಳೆಯಬೇಡಿ. ಅಗೆತವನ್ನು ಅಲ್ಲಿಗೇ ನಿಲ್ಲಿಸಿ, ಇದ್ದ ಜಾಗದಲ್ಲೇ ಚಿತ್ರ ತೆಗೆದು, ನೆಲದ ಒಡೆಯರಿಗೆ ತಿಳಿಸಿ. 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಅಡಗಿದ್ದ 10 ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿ ಸಿಕ್ಕರೆ, ಅದು ಏನು, ಎಲ್ಲಿ, ಯಾವ ದಿನ ಸಿಕ್ಕಿತು ಎಂಬುದನ್ನು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಮುಚ್ಚಿಟ್ಟುಕೊಂಡವರಿಗೆ ಒಂದು ವರ್ಷದವರೆಗೂ ಸೆರೆವಾಸ ವಿಧಿಸಲು ಅವಕಾಶವಿದೆ. ಶಿಕ್ಷೆಯ ಭಯಕ್ಕಿಂತ ದೊಡ್ಡ ಕಾರಣವೊಂದಿದೆ: ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದು ಅಳಿಸಿಹೋದ ನಾಣ್ಯ ಇತಿಹಾಸಕಾರರಿಗೆ ಅರ್ಧ ಮೂಕವಾಗುತ್ತದೆ.

ಇನ್ನು ಯಂತ್ರದ ಮಾತು. ಅದರ ತಟ್ಟೆಯೊಳಗಿನ ಒಂದು ಸುರುಳಿ ಕಾಂತಕ್ಷೇತ್ರವನ್ನು ನೆಲಕ್ಕಿಳಿಸುತ್ತದೆ. ಅದರಿಂದ ಲೋಹದಲ್ಲಿ ಹುಟ್ಟುವ ವಿದ್ಯುತ್ತಿನ ಸುಳಿಯನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ದಖ್ಖನಿನ ಕಪ್ಪುಕಲ್ಲು ಸವೆದು ಆದ ನಮ್ಮ ಮಣ್ಣಿನಲ್ಲಿ ಕಬ್ಬಿಣದ ಖನಿಜ ಹೆಚ್ಚು, ಆದ್ದರಿಂದ ಮೊದಲು ಯಂತ್ರವನ್ನು ಆ ನೆಲಕ್ಕೆ ಹೊಂದಿಸಿಕೊಳ್ಳದಿದ್ದರೆ ಅದು ಬರಿದೇ ಗುನುಗುತ್ತಿರುತ್ತದೆ. ಚಿಕ್ಕ ಚಿನ್ನದ ಒಡವೆಗೂ ಚಾಕಲೇಟಿನ ಬೆಳ್ಳಿ ಕಾಗದಕ್ಕೂ ಯಂತ್ರ ಕೊಡುವ ಸದ್ದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಂಶಯದ ಸದ್ದನ್ನೆಲ್ಲ ನೋಡಲೇಬೇಕು. ಹುಲ್ಲಿಗೆ ಗಂಡಾಂತರ ಇರುವುದೂ ಇಲ್ಲಿಯೇ.

ಮೊದಲು ಮಾಡಬೇಕಾದದ್ದು ಅಗೆಯುವುದಲ್ಲ, ಮಂಡಿಯೂರಿ ಕೂರುವುದು. ನಿನ್ನೆ ಮೊನ್ನೆ ಬಿದ್ದ ಒಡವೆ ಮಣ್ಣಿನೊಳಗೆ ಇಳಿದಿರುವುದಿಲ್ಲ. ಗರಿಕೆಯ ಬುಡದಲ್ಲಿ ಸಿಕ್ಕಿಕೊಂಡಿರುತ್ತದೆ, ಮಳೆಗಾಲವಾದರೆ ಕಾಲ್ತುಳಿತಕ್ಕೆ ಬೆರಳಿನಷ್ಟು ಕೆಳಗಿಳಿದಿರಬಹುದು. ಬೆರಳುಗಳಿಂದ ಹುಲ್ಲನ್ನು ಬಿಡಿಸಿ ನೋಡಿ, ಪೆನ್ನಿನಂತಹ ಕೈಯಂತ್ರದಿಂದ ಸದ್ದಿನ ನಡುಬಿಂದುವನ್ನು ಗುರುತಿಸಿ. ಎರಡು ಬೆರಳಿನ ಆಳದಲ್ಲಿದ್ದರೆ ಮೊಂಡು ತುದಿಯ ಸ್ಕ್ರೂಡ್ರೈವರನ್ನು ಓರೆಯಾಗಿ ಇಳಿಸಿ ಮೆಲ್ಲಗೆ ಮೀಟಿದರೆ ಸಾಕು. ಉಳಿಯುವುದು ಒಂದು ಸೀಳು ಮಾತ್ರ, ಅದು ಅಂಗಾಲಿನ ಒತ್ತಡಕ್ಕೆ ಕೂಡಿಕೊಳ್ಳುತ್ತದೆ.

ಅದಕ್ಕಿಂತ ಆಳದಲ್ಲಿದ್ದರೆ ಮಾತ್ರ ಕುರ್ಪಿ ಹಿಡಿಯಬೇಕು. ಪಕ್ಕದಲ್ಲಿ ಒಂದು ಹಳೆಯ ಬಟ್ಟೆ ಹಾಸಿ, ಅಂಗೈಯಗಲದ ಚೌಕವನ್ನು ಮನಸ್ಸಿನಲ್ಲಿ ಎಳೆದುಕೊಂಡು, ಅದರ ಮೂರು ಬದಿಗಳನ್ನು ಮಾತ್ರ ನೇರವಾಗಿ, 8–10 ಸೆಂಟಿಮೀಟರ್ ಆಳಕ್ಕೆ ಕತ್ತರಿಸಿ. ನಾಲ್ಕನೆಯ ಬದಿಯನ್ನು ಮುಟ್ಟಬೇಡಿ. ಹಳೆಯ ಪೆಟ್ಟಿಗೆಯ ಮುಚ್ಚಳವನ್ನು ತೆರೆದಂತೆ, ಬೇರುಮಣ್ಣಿನ ಸಮೇತ ಹುಲ್ಲನ್ನು ಆ ಬದಿಗೆ ಮಗುಚಿ. ಕತ್ತರಿಸದ ಆ ಬದಿಯ ಬೇರುಗಳ ಮೂಲಕ ಹುಲ್ಲಿಗೆ ನೀರು ಹೋಗುತ್ತಲೇ ಇರುತ್ತದೆ. ನಾಲ್ಕೂ ಕಡೆ ಕತ್ತರಿಸಿ ಹೆಂಟೆಯನ್ನು ಪೂರ್ತಿ ಕಿತ್ತು ಮತ್ತೆ ಕೂರಿಸಿದರೆ ಆ ದಿನಕ್ಕೇನೋ ಚೆಂದ ಕಾಣುತ್ತದೆ. ಆಮೇಲೆ ಅಂಚು ಒಣಗುತ್ತದೆ, ಹುಲ್ಲು ಕೊಯ್ಯುವ ಯಂತ್ರಕ್ಕೆ ಹೆಂಟೆಯೇ ಕಿತ್ತುಬರುತ್ತದೆ, ಮಾಲೀಕರು ಇನ್ನೊಬ್ಬರಿಗೆ ಅನುಮತಿ ಕೊಡಲು ಹಿಂಜರಿಯುತ್ತಾರೆ. ಒಬ್ಬರ ಅವಸರಕ್ಕೆ ಹತ್ತು ಮಂದಿಗೆ ಬಾಗಿಲು ಮುಚ್ಚುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಸಡಿಲ ಮಣ್ಣೆಲ್ಲವೂ ಬಟ್ಟೆಯ ಮೇಲೆಯೇ ಬೀಳಲಿ, ಹುಲ್ಲಿನ ಮೇಲೆ ಒಂದು ಚಿಟಿಕೆಯೂ ಬೇಡ. ವಸ್ತು ಸಿಕ್ಕ ಮೇಲೂ ಗುಂಡಿಯನ್ನು ಇನ್ನೊಮ್ಮೆ ಪರೀಕ್ಷಿಸಿ, ಏಕೆಂದರೆ ಚಪ್ಪರದ ಮೊಳೆಯ ಕೆಳಗೇ ಓಲೆ ಇರಬಹುದು. ಬಟ್ಟೆಯ ಮಣ್ಣನ್ನು ಗುಂಡಿಗೆ ಸುರಿದು, ಸ್ವಲ್ಪ ಸ್ವಲ್ಪವಾಗಿ ಒತ್ತಿ, ಹುಲ್ಲನ್ನು ಮಗುಚಿ ಕೂರಿಸಿ, ಕಾಲಿನಿಂದ ಸಮವಾಗಿ ತುಳಿದು, ಒಂದು ತಂಬಿಗೆ ನೀರು ಹಾಕಿ. ಮಳೆಗಾಲದಲ್ಲಿ ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಬೇಗ ಕೂಡಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಾಗಲ್ಲ. ಮಣ್ಣು ಗಟ್ಟಿಯಾಗಿ ಬೇರು ತುಂಡಾಗುತ್ತದೆ, ಕತ್ತರಿಸಿದ ಗೆರೆಯುದ್ದಕ್ಕೂ ಹುಲ್ಲು ಕಂದುತ್ತದೆ. ಆ ದಿನಗಳಲ್ಲಿ ಹಿಂದಿನ ಸಂಜೆಯೇ ಮಾಲಿಗೆ ಹೇಳಿ ನೀರು ಬಿಡಿಸಿಕೊಳ್ಳಿ, ಇಲ್ಲವೇ ಅಗೆತವನ್ನು ಮಳೆ ಬರುವವರೆಗೆ ಮುಂದೂಡಿ.

ಸಿಕ್ಕ ಮೊಳೆ, ಬಾಟಲಿ ಮುಚ್ಚಳ, ತಗಡಿನ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಡುವ ಮುನ್ನ ಮಾಲಿಯನ್ನು ಕರೆದು ಅಗೆದ ಜಾಗಗಳನ್ನೆಲ್ಲ ತೋರಿಸಿ, ಒಂದೆರಡು ವಾರ ಅಲ್ಲಿ ಹುಲ್ಲು ಕೊಯ್ಯುವ ಯಂತ್ರ ಓಡಿಸಬಾರದೆಂದು ಕೇಳಿಕೊಳ್ಳಿ. ನಮಸ್ಕಾರ.